ಬ್ರಿಟಿಷ್ ರೈಲುಗಾಡಿಗಳ ಪ್ರತಿಕೃತಿಗಳಲ್ಲಿ ಕಾಲನಿಷ್ಠೆ: ಒಂದು ವಿಮರ್ಶೆ

ಬ್ರಿಟನ್ ದೇಶದ ಹಳೆಯ ರೈಲ್ವೆಗಳಲ್ಲಿ ಸಂಚರಿಸುತ್ತಿದ್ದ ಪ್ರಯಾಣಿಕರ ಗಾಡಿಗಳನ್ನೂ ಸರಕಿನ ವ್ಯಾಗನ್ನುಗಳನ್ನೂ ಅತ್ಯಲ್ಪ ಮಾನದಲ್ಲಿ ಯಥಾವತ್ತಾಗಿ ರಚಿಸುವ ಕಲೆಯೊಂದು ಆ ದೇಶದಲ್ಲಿ ಬಹುಕಾಲದಿಂದ ಬೆಳೆದುಬಂದಿರುವುದು. ಇದನ್ನು ವಿನೋದಕ್ಕಾಗಿ ಮಾಡುವವರೇ ಹೆಚ್ಚು. ಆದರೂ ಅವರಲ್ಲಿ ಕೆಲವರು ತಮ್ಮ ವಿನೋದಕ್ಕೆ ವಿಧಿಸಿಕೊಂಡಿರುವ ನಿಯಮಗಳನ್ನು ನೋಡಿದರೆ, ತಾಳೆಗರಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವ ನಮ್ಮವರ ನಿಯಮಗಳಿಗಿಂತ ಅವು ಸಡಿಲವಾದುವಲ್ಲವೆಂಬುದು ತಿಳಿಯುವುದು. 1950ರಲ್ಲಿ ಸ್ಥಾಪಿತವಾದ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿ ಎಂಬ ಸಂಘವು ಹಳೆಯ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಕೂಡಿಸಿಟ್ಟಿದೆ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಗಾಡಿಗಳ ಬಣ್ಣ, ಅಕ್ಷರ, ಅಂಚುಗೆರೆಗಳ ವಿಷಯವೊಂದನ್ನೇ ಹಿಡಿದು ಬರೆದ ‘ಗ್ರೇಟ್ ವೆಸ್ಟರ್ನ್ ವೇ’ ಎಂಬ ಗ್ರಂಥವನ್ನು ಆ ಸಂಘವೇ 1978ರಲ್ಲಿ ಹೊರತಂದಿತು. ಇಷ್ಟು ಶ್ರಮವನ್ನು ಕೇವಲ ಆಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶಾಸ್ತ್ರವೆಂದು ಒಪ್ಪುವುದಾದರೆ, ಶಾಸ್ತ್ರಕ್ಕೆ ತಕ್ಕ ಪರೀಕ್ಷೆಗೆ ಅದನ್ನು ಒಳಪಡಿಸಬೇಕು. ‘ಯಥಾವತ್’ ಎಂಬ ಮಾತಿಗೆ ಈ ಕಲೆಯಲ್ಲಿ ಏನು ಅರ್ಥ, ಆ ಅರ್ಥವನ್ನು ಅದು ಎಷ್ಟರಮಟ್ಟಿಗೆ ಸಾಧಿಸಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರತಿಕೃತಿಯು ಯಾವುದರ ಪ್ರತಿಕೃತಿ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಶಬ್ದವು ಆಕೃತಿಯನ್ನು ಹೇಳುವುದೋ ದ್ರವ್ಯವನ್ನು ಹೇಳುವುದೋ ಎಂದು ನಮ್ಮ ವೈಯಾಕರಣರು ಚರ್ಚಿಸಿದುದು ವಾಚಕರಿಗೆ ವಿದಿತವಾಗಿಯೇ ಇದೆ. ವಾಜಪ್ಯಾಯನನು ಆಕೃತಿಪಕ್ಷವನ್ನೂ ವ್ಯಾಡಿಯು ದ್ರವ್ಯಪಕ್ಷವನ್ನೂ ಹಿಡಿದರು. ಈ ವಿಭಾಗವನ್ನು ಇಲ್ಲಿಗೂ ಹೊಂದಿಸಬಹುದು. ಮಕ್ಕಳು ಆಡುವ ವ್ಯಾಗನ್ನು ಆಕೃತಿಯನ್ನು ಮಾತ್ರ ತೋರಿಸುವುದು. ನಾಲ್ಕು ಗಾಲಿ, ಅವುಗಳ ಮೇಲೊಂದು ಪೆಟ್ಟಿಗೆ, ಎರಡು ತುದಿಗಳಲ್ಲಿ ಕೊಂಡಿ ಇಷ್ಟಿದ್ದರೆ ‘ಇದು ವ್ಯಾಗನ್ನು’ ಎಂಬ ಜ್ಞಾನ ಹುಟ್ಟುತ್ತದೆ. ನಮ್ಮ ಶಿಲ್ಪಶಾಸ್ತ್ರದ ಬಿಂಬವೂ ಒಂದು ವಿಧದಲ್ಲಿ ಇದೇ ವರ್ಗಕ್ಕೆ ಸೇರಿದುದು. ನವತಾಲಮಾನದಲ್ಲಿ ಬಿಂಬದ ಎತ್ತರವನ್ನು 108 ಭಾಗ ಮಾಡಿ, ಆ ಭಾಗವನ್ನೇ ಅಂಗುಲವೆಂದು ಹಿಡಿದು, ಅವಯವಗಳನ್ನು ಅಳೆಯುವರು. ಅಲ್ಲಿ ಸಾಧಿಸಬೇಕಾದುದು ದೇವತೆಯ ಲಕ್ಷಣ. ಒಂದಾನೊಂದು ದಿನ ಒಬ್ಬಾತನು ಹೇಗಿದ್ದನೆಂಬ ವಿಚಾರಕ್ಕೆ ಅಲ್ಲಿ ಎಡೆಯಿಲ್ಲ. ಇತಿಹಾಸನಿಷ್ಠನಾದ ಪ್ರತಿಕೃತಿಕಾರನಾದರೋ ದ್ರವ್ಯಪಕ್ಷದವನು. ಮಿಡ್ಲೆಂಡ್ ರೈಲ್ವೆಯು 1882ರಿಂದ ಮೊದಲುಗೊಂಡು ಐದು ಹಲಗೆಗಳ ಒಂದೇ ಬಗೆಯ ತೆರೆದ ವ್ಯಾಗನ್ನುಗಳನ್ನು ಅರವತ್ತು ಸಾವಿರಕ್ಕೂ ಮಿಕ್ಕಿ ನಿರ್ಮಿಸಿತು. ಅಷ್ಟರಲ್ಲಿ ಒಂದನ್ನು, ಅದರ ಸಂಖ್ಯೆಯೊಡನೆ, ಒಂದು ನಿರ್ದಿಷ್ಟ ವರ್ಷದಲ್ಲಿ ಅದಿದ್ದಂತೆ ತೋರಿಸುವೆನೆಂಬುದು ಈತನ ಪ್ರತಿಜ್ಞೆ. ಈ ಪ್ರತಿಜ್ಞೆಯಲ್ಲಿ ಮಾನ, ಕಾಲ, ಪ್ರಮಾಣ ಎಂಬ ಮೂರು ಅಂಶಗಳು ಅಡಗಿವೆ.

ಇವುಗಳಲ್ಲಿ ಮಾನದ ವಿಚಾರವೇ ಇದುವರೆಗೆ ಹೆಚ್ಚಾಗಿ ಚರ್ಚಿತವಾಗಿರುವುದು. ಬ್ರಿಟನ್ನಿನಲ್ಲಿ ಬಹುಮಂದಿ ಅನುಸರಿಸುವ ಮಾನದಲ್ಲಿ ಒಂದು ಅಡಿಗೆ 4 ಮಿಲಿಮೀಟರು. ಎಂದರೆ ಮೂಲದ ಒಂದು ಅಂಗುಲವು ಪ್ರತಿಕೃತಿಯಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗವಾಗುವುದು. ಈ ಲೆಕ್ಕದಲ್ಲಿ 16 ಅಡಿ 6 ಅಂಗುಲದ ಕಲ್ಲಿದ್ದಲ ವ್ಯಾಗನ್ನು 66 ಮಿಲಿಮೀಟರು, 57 ಅಡಿಯ ಪ್ರಯಾಣಿಕರ ಗಾಡಿ 228 ಮಿಲಿಮೀಟರು ಆಗುತ್ತವೆ. ಹಳಿಗಳ ನಡುವಣ ಅಗಲ ಮೂಲದಲ್ಲಿ 4 ಅಡಿ 8½ ಅಂಗುಲ. ಆದುದರಿಂದ ಪ್ರತಿಕೃತಿಯಲ್ಲಿ ಅದು 18.83 ಮಿಲಿಮೀಟರು ಇರತಕ್ಕದ್ದು. ಆದರೆ ‘ಓಓ’ ಎಂದು ಪ್ರಸಿದ್ಧವಾದ ಪದ್ಧತಿಯಲ್ಲಿ ಅದು 16.5 ಮಿಲಿಮೀಟರು ಮಾತ್ರ. ಅಡಿಗೆ 3.5 ಮಿಲಿಮೀಟರಿನ ಮಾನಕ್ಕೆ ಸರಿಹೋಗುವ ಹಳಿಯ ಅಗಲವನ್ನು ಹಾಗೆಯೇ ಉಳಿಸಿಕೊಂಡು, ಮೇಲಿನ ಗಾಡಿಯನ್ನು ಮಾತ್ರ 4 ಮಿಲಿಮೀಟರಿನ ಮಾನಕ್ಕೆ ಹಿಗ್ಗಿಸಿದರು. ಬ್ರಿಟಿಷ್ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವಾದುದರಿಂದ ಆ ಕಾಲದ ವಿದ್ಯುದ್ಯಂತ್ರವು ಸಣ್ಣ ಮಾನದ ಒಡಲೊಳಗೆ ಹಿಡಿಸುತ್ತಿರಲಿಲ್ಲವೆಂಬುದೇ ಇದಕ್ಕೆ ಕಾರಣ. ಫಲವಾಗಿ 4 ಅಡಿ 1½ ಅಂಗುಲದ ಹಳಿಯ ಮೇಲೆ ಗಾಡಿ ನಿಂತಂತಾಯಿತು. ಏಳು ಅಂಗುಲ ಲೋಪವಾಯಿತು. ಬ್ರಾಡ್‌ಗೇಜು ಮೀಟರ್‌ಗೇಜುಗಳ ಭೇದವನ್ನು ಕಣ್ಣಾರೆ ಕಂಡು ಬೆಳೆದ ನಮ್ಮವರಿಗೆ ಈ ಲೋಪವು ಎದುರಿನಿಂದ ನೋಡಿದೊಡನೆ ಗೋಚರಿಸುವುದು.

ಈ ದೋಷವನ್ನು ಪರಿಹರಿಸಲು ಕೆಲವರು 18 ಮಿಲಿಮೀಟರಿಗೂ 18.2 ಮಿಲಿಮೀಟರಿಗೂ ಹೋದರು. 1960ರ ದಶಕದ ಮಧ್ಯದಲ್ಲಿ ‘ಪ್ರೋಟೋಫೋರ್’ ಎಂಬ ಪದ್ಧತಿಯವರು 18.83 ಮಿಲಿಮೀಟರನ್ನೇ ಹಿಡಿದು, ಗಾಲಿಯ ಅಂಚನ್ನೂ ಅದೇ ಮಾನಕ್ಕೆ ಇಳಿಸಿದರು. ಇವರ ಸಾಹಸವು ಶ್ಲಾಘ್ಯವೇ. ಆದರೆ ಮಾನವೊಂದರಿಂದಲೇ ಯಾಥಾರ್ಥ್ಯವು ಸಿದ್ಧಿಸುವುದೆಂಬ ಭಾವನೆ ಇದರಿಂದ ಹರಡಿದುದು ವಿಷಾದದ ಸಂಗತಿ. 660 ಅಡಿ ತ್ರಿಜ್ಯದ ತಿರುವು ಮೂಲದಲ್ಲಿ ಬಹಳ ಬಿಗಿಯಾದುದು. ಅದನ್ನು 4 ಮಿಲಿಮೀಟರಿನ ಮಾನದಲ್ಲಿ ರಚಿಸಬೇಕಾದರೆ ತ್ರಿಜ್ಯವೇ 2.64 ಮೀಟರು ಬೇಕು. ಮನೆಯ ಕೋಣೆಯಲ್ಲಿ ಇದಕ್ಕೆ ಅವಕಾಶವೆಲ್ಲಿ? ಹಳಿಯ ಅಗಲದಲ್ಲಿ ಕೂದಲೆಳೆಯಷ್ಟೂ ತಪ್ಪದವನು ತಿರುವಿನಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಬೇಕಾಗಬಹುದು. ಇದಕ್ಕೆ ಪ್ರತಿಯಾಗಿ, ಇಂಗ್ಲೆಂಡಿನ ಲಾಂಗ್ ವಿಟೆನ್‌ಹ್ಯಾಮ್ ಗ್ರಾಮದಲ್ಲಿ ರಾಯ್ ಇಂಗ್ಲೆಂಡ್ ಎಂಬವರು 1954ರಲ್ಲಿ ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯವನ್ನು ನೋಡಬಹುದು. ಅಲ್ಲಿಯ ಹಳಿಯ ಅಗಲ 18 ಮಿಲಿಮೀಟರು. ಲೆಕ್ಕಕ್ಕೆ ಸ್ವಲ್ಪ ಕಡಮೆಯೇ. ಆದರೆ 1930ರ ಆಸುಪಾಸಿನ ಒಂದು ಕಣಿವೆಯ ಹಳ್ಳಿ, ಗುಡಿಸಲು, ತೋಟ, ರೈಲು ಎಲ್ಲವನ್ನೂ ಆ ಕಾಲಕ್ಕೆ ಬದ್ಧವಾಗಿ ಅಲ್ಲಿ ನಿಲ್ಲಿಸಲಾಗಿದೆ. ಕಣ್ಣೆದುರಿಗೇ ರೂಪ ಬದಲಾಯಿಸುತ್ತಿದ್ದ ಹಳ್ಳಿಗಳನ್ನು ದಾಖಲಿಸಿಡಬೇಕೆಂಬ ಆಸೆಯಿಂದ ಆ ಪುರುಷನು ಈ ಕಾರ್ಯವನ್ನು ಕೈಕೊಂಡನು. ಎರಡರಲ್ಲಿ ಯಾವುದು ಹೆಚ್ಚು ಯಥಾರ್ಥವೆಂದು ಕೇಳಿದರೆ, ಪೆಂಡನ್ನಿನದೇ ಎಂದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣವು ಎರಡನೆಯ ಅಂಶವಾದ ಕಾಲದಲ್ಲಿದೆ.

ಕಾಲದ ವಿಚಾರದಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪ್ರಯಾಣಿಕರ ಗಾಡಿಗಳೇ ಉತ್ತಮ ನಿದರ್ಶನ. ಆ ಕಂಪೆನಿಯವರು ಗಾಡಿಯ ಮೇಲ್ಭಾಗಕ್ಕೆ ಕೆನೆಬಣ್ಣವನ್ನೂ ಕೆಳಭಾಗಕ್ಕೆ ಕಂದುಬಣ್ಣವನ್ನೂ ಬಳಿಯುತ್ತಿದ್ದರು. 1908ರಲ್ಲಿ ಇದನ್ನು ಬಿಟ್ಟು ಇಡೀ ಗಾಡಿಗೆ ಕಂದುಬಣ್ಣವನ್ನೇ ಹಚ್ಚಿದರು. 1912ರಲ್ಲಿ ಕಡುಗೆಂಪು ಬಂದಿತು. 1922ರಲ್ಲಿ ಮರಳಿ ಕೆನೆ-ಕಂದುಗಳೇ ಬಂದವು. ಚರ್ಚ್‌ವರ್ಡ್ ಎಂಬ ಪ್ರಸಿದ್ಧ ಎಂಜಿನಿಯರನ ಕಾಲದಲ್ಲಿ, 1904ರಿಂದ ಆರಂಭಿಸಿ, ಕಟ್ಟಿದ ‘ಡ್ರೆಡ್‌ನಾಟ್’ ಗಾಡಿಗಳಲ್ಲಿ ಯಾವುದೇ ಒಂದು ಈ ನಾಲ್ಕು ಅವಸ್ಥೆಗಳನ್ನೂ ಕಂಡಿರಬಹುದು. ವ್ಯಾಗನ್ನುಗಳ ಮೇಲೆ ಬರೆಯುತ್ತಿದ್ದ ಕಂಪೆನಿಯ ಹೆಸರಿನ ಅಕ್ಷರಗಳೂ ಹೀಗೆಯೇ ಬದಲಾದುವು: 1904ರಿಂದ 25 ಅಂಗುಲ, 1920ರ ಸುಮಾರಿಗೆ 16 ಅಂಗುಲ, 1930ರ ದಶಕದ ಉತ್ತರಾರ್ಧದಲ್ಲಿ 5 ಅಂಗುಲ. ನಮ್ಮ ಶಾಸನಗಳ ಕಾಲವನ್ನು ಲಿಪಿಯ ತಿರುವುಗಳಿಂದ ನಿರ್ಣಯಿಸುವಂತೆಯೇ ಈ ಅಕ್ಷರಗಳ ಎತ್ತರದಿಂದ ಗಾಡಿಯ ಅವಸ್ಥೆಯನ್ನು ನಿರ್ಣಯಿಸಬಹುದು.

ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. 1922ರ ಆಜ್ಞೆ ಹೊರಟ ಮಾತ್ರಕ್ಕೆ ಮರುದಿನವೇ ಎಲ್ಲ ಗಾಡಿಗಳೂ ಬಣ್ಣ ಬದಲಾಯಿಸಿಕೊಳ್ಳಲಿಲ್ಲ. ಗಾಡಿಯು ಕಾರ್ಖಾನೆಗೆ ಹೋದಾಗ ಮಾತ್ರ ಹೊಸ ಬಣ್ಣ, ಅಲ್ಲಿಯವರೆಗೆ ಹಳೆಯದೇ. ಆದಕಾರಣ 1923ರ ರೈಲೊಂದರಲ್ಲಿ ಕಡುಗೆಂಪು ಗಾಡಿಯೂ ಕೆನೆ-ಕಂದುಗಳ ಗಾಡಿಯೂ ಜೊತೆಜೊತೆಗೆ ಇರುವುದು ಸಹಜ. ಎಲ್ಲವನ್ನೂ ಒಂದೇ ಹೊಸ ಬಣ್ಣದಿಂದ ಮೆರಗಿಟ್ಟ ಪ್ರತಿಕೃತಿಯು ಆಜ್ಞೆಗೆ ನಿಷ್ಠವಾಗಿದ್ದರೂ ಇತಿಹಾಸಕ್ಕೆ ನಿಷ್ಠವಾಗಿಲ್ಲ. ಗಾಡಿಯ ಮೇಲ್ಛಾವಣಿಯನ್ನೂ ನೋಡಿರಿ. ಸೀಸದ ಬಿಳಿಯ ಬಣ್ಣವನ್ನು ಬಳಿದ ಛಾವಣಿ ಕಾರ್ಖಾನೆಯಿಂದ ಹೊರಬಿದ್ದ ದಿನ ಬೆಳ್ಳಗಿರುತ್ತಿತ್ತು. ಕಲ್ಲಿದ್ದಲ ಹೊಗೆಯಲ್ಲಿಯ ಗಂಧಕವು ಸೀಸದೊಡನೆ ಕೂಡಿಕೊಂಡು, ಮಸಿಯ ಲೇಪವೂ ಸೇರಿ, ಕೆಲವು ಕಾಲದಲ್ಲಿಯೇ ಅದು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹತ್ತು ಗಾಡಿಗಳ ಛಾವಣಿಗಳೂ ಏಕಪ್ರಕಾರವಾಗಿ ಬೆಳ್ಳಗಿದ್ದರೆ, ಆ ಹತ್ತೂ ಒಂದೇ ದಿನ ಕಾರ್ಖಾನೆಯಿಂದ ಬಂದುವೆಂದು ಹೇಳಿದಂತಾಯಿತು. ಕಾಲನಿಷ್ಠೆಯೆಂದರೆ ಎಲ್ಲವೂ ಒಂದೇ ವಯಸ್ಸಿನವಾಗಿರಬೇಕೆಂಬ ಅರ್ಥವಲ್ಲ. ಒಂದು ದಿನದಲ್ಲಿ ಯಾವುವು ಕೂಡಿ ಇರಬಹುದಾಗಿತ್ತೋ ಅವು ಮಾತ್ರ ಕೂಡಿರಬೇಕೆಂಬ ಅರ್ಥ.

ಈ ನಿಯಮವನ್ನು ಒಂದು ಗಾಡಿಯಿಂದ ಇಡೀ ರೈಲಿಗೆ ವಿಸ್ತರಿಸಿದಾಗ ಅದರ ಬಲವು ಇನ್ನೂ ಚೆನ್ನಾಗಿ ತಿಳಿಯುವುದು. ಪದಗಳೆಲ್ಲ ಶುದ್ಧವಾಗಿದ್ದರೂ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳಿಲ್ಲದೆ ವಾಕ್ಯವಾಗದಷ್ಟೆ. ಹಾಗೆಯೇ ಶುದ್ಧವಾದ ಇಪ್ಪತ್ತು ವ್ಯಾಗನ್ನುಗಳನ್ನು ಸಾಲಾಗಿ ಜೋಡಿಸಿದರೆ ಗೂಡ್ಸ್ ರೈಲಾಗದು. ಮೊದಲನೆಯ ಮಹಾಯುದ್ಧಕ್ಕಿಂತ ಹಿಂದೆ ಒಂದು ಕಂಪೆನಿಯ ವ್ಯಾಗನ್ನು ಮತ್ತೊಂದು ಕಂಪೆನಿಯ ಊರಿಗೆ ಸರಕು ತಂದರೆ, ಇಳಿಸಿದ ಮೇಲೆ ಬರಿದಾಗಿಯಾದರೂ ತೌರಿಗೆ ಮರಳಬೇಕಾಗಿತ್ತು. 1842ರಲ್ಲಿ ಸ್ಥಾಪಿತವಾದ ರೈಲ್ವೆ ಕ್ಲಿಯರಿಂಗ್ ಹೌಸ್ ಎಂಬ ಕಚೇರಿಯ ಗುಮಾಸ್ತರು ಜಂಕ್ಷನ್ನುಗಳಲ್ಲಿ ನಿಂತು, ದಾಟಿದ ಗಾಡಿಗಳ ಸಂಖ್ಯೆಗಳನ್ನು ಬರೆದುಕೊಂಡು, ಕಂಪೆನಿಗಳ ನಡುವಣ ಲೆಕ್ಕವನ್ನು ತೀರಿಸುತ್ತಿದ್ದರು. ಯುದ್ಧದ ಒತ್ತಡದಿಂದ ಕಂಪೆನಿಗಳು ತೆರೆದ ವ್ಯಾಗನ್ನುಗಳನ್ನು ಸಾಮಾನ್ಯ ಬಳಕೆಗೆ ಬಿಟ್ಟ ಮೇಲೆ ಈ ಬಂಧನವು ಕಳಚಿತು. ದೂರದ ಕಂಪೆನಿಯ ವ್ಯಾಗನ್ನು ಯಾವ ಹಳ್ಳಿಯ ನಿಲ್ದಾಣಕ್ಕಾದರೂ ಬರತೊಡಗಿತು. ಆದುದರಿಂದ 1910ರ ರೈಲನ್ನೂ 1925ರ ರೈಲನ್ನೂ ಒಂದೇ ಅನುಪಾತದಲ್ಲಿ ಕಟ್ಟುವವನು, ಪ್ರತ್ಯೇಕ ಗಾಡಿಗಳಲ್ಲಿ ಎಷ್ಟೇ ನಿಪುಣನಾಗಿರಲಿ, ಅನ್ವಯದೋಷಕ್ಕೆ ಗುರಿಯಾಗುವನು.

ಇನ್ನು ಪ್ರಮಾಣದ ವಿಚಾರ. ಕಾಲವನ್ನು ನಿಶ್ಚಯಿಸುವುದಕ್ಕೆ ಸಾಕ್ಷಿ ಯಾವುದು? ಛಾಯಾಚಿತ್ರವು ಪ್ರತ್ಯಕ್ಷಪ್ರಮಾಣಕ್ಕೆ ಸಮಾನವೆಂದು ಬಹುಮಂದಿ ನಂಬಿರುವರು. ಆದರೆ ಕಾರ್ಖಾನೆಗಳಲ್ಲಿ ತೆಗೆಸಿದ ಅಧಿಕೃತ ಚಿತ್ರಗಳಿಗಾಗಿ, ವಿವರಗಳು ಸ್ಪಷ್ಟವಾಗಿ ಮೂಡಲೆಂದು, ವಾಹನಗಳಿಗೆ ಬೂದುಬಣ್ಣವನ್ನು ಬಳಿಯುವ ರೂಢಿಯಿತ್ತು. ಆ ವೇಷದಲ್ಲಿ ಆ ವಾಹನವು ಎಂದೂ ಕೆಲಸಕ್ಕೆ ಹೋಗಲಿಲ್ಲ. ಇದಲ್ಲದೆ ಹಳೆಯ ಛಾಯಾಫಲಕಗಳಿಗೆ ಕೆಂಪುಬಣ್ಣವು ಗೋಚರವಾಗುತ್ತಿರಲಿಲ್ಲ; ಕೆಂಪು ವಸ್ತು ಕಪ್ಪಾಗಿಯೂ ನೀಲಿಯು ಬಿಳುಪಾಗಿಯೂ ಮೂಡುತ್ತಿದ್ದುವು. ಗ್ರೇಟ್ ವೆಸ್ಟರ್ನ್ ವ್ಯಾಗನ್ನುಗಳು ಕೆಂಪನ್ನು ಬಿಟ್ಟು ಕಡುಬೂದು ಬಣ್ಣವನ್ನು ಯಾವಾಗ ತಾಳಿದುವೆಂಬ ವಿವಾದವು ದೀರ್ಘವಾಗಿ ಬೆಳೆದುದಕ್ಕೆ ಇದೂ ಒಂದು ಕಾರಣ. ಚಿತ್ರದಲ್ಲಿ ಕಾಣುವ ಕಪ್ಪು ಎರಡೂ ಪಕ್ಷದವರಿಗೆ ಸಮಾನವಾಗಿ ಒದಗುವುದು. ಕಾರ್ಖಾನೆಯ ನಕ್ಷೆಯು ಹೀಗೆ ಮಾಡತಕ್ಕದ್ದೆಂಬ ವಿಧಿಯನ್ನು ಹೇಳುವುದೇ ಹೊರತು ಹೀಗೆ ಮಾಡಿದರೆಂಬ ವೃತ್ತಾಂತವನ್ನು ಹೇಳುವುದಿಲ್ಲ.

ಉಳಿದು ಬಂದಿರುವ ನಿಜವಾದ ಗಾಡಿಯೇ ಸಾಕ್ಷಿಯಾಗಲೆಂದರೆ, ಅಲ್ಲಿಯೂ ಎಚ್ಚರವು ಬೇಕು. ವಿಕ್ಟೋರಿಯಾ ರಾಣಿಯ ಕಾಲದ ಎಷ್ಟೋ ಮರದ ಗಾಡಿಗಳ ಒಡಲುಗಳು ತೋಟದ ಮನೆಗಳಾಗಿಯೂ ಕೊಟ್ಟಿಗೆಗಳಾಗಿಯೂ ಉಳಿದಿದ್ದುವು. ಅವುಗಳನ್ನು ತಂದು, ಬಹಳ ಈಚಿನ ಸರಕಿನ ಗಾಡಿಗಳ ಅಡಿಚೌಕಟ್ಟುಗಳನ್ನು ಕತ್ತರಿಸಿ ಹೊಂದಿಸಿ, ಅವುಗಳ ಮೇಲೆ ಕೂರಿಸಿ ಓಡಿಸುತ್ತಿರುವರು. ಗಾಡಿಯನ್ನು ಉಳಿಸಿದ ಈ ಕಾರ್ಯವು ಪುಣ್ಯಕಾರ್ಯವೇ ಸರಿ. ಆದರೆ ಇದನ್ನು ಕಂಡು ಪ್ರತಿಕೃತಿಯ ಅಡಿಭಾಗವನ್ನು ರಚಿಸುವವನು, ಮೊದಲ ಆಶ್ವಾಸ ಒಂದು ಪ್ರತಿಯದೂ ಉಳಿದುವು ಮತ್ತೊಂದರದೂ ಆಗಿ ಹೊಲಿದ ಕಟ್ಟನ್ನು ಒಂದೇ ಗ್ರಂಥವೆಂದು ಅಚ್ಚುಹಾಕಿಸಿದವನಂತೆ ಆಗುವನು. ಪ್ರಮಾಣಗಳಲ್ಲಿ ಯಾವುದೂ ತಾನೊಂದೇ ಸಾಲದು. ಒಂದರ ದೋಷವನ್ನು ಮತ್ತೊಂದರಿಂದ ಶೋಧಿಸಿಕೊಳ್ಳಬೇಕು.

ಇಷ್ಟು ಸೂಕ್ಷ್ಮದಿಂದ ಪ್ರಯೋಜನವೇನೆಂದು ಕೇಳುವವರುಂಟು. ಇದು ರಂಜನೆಗಾಗಿ ಮಾಡುವ ಕಾರ್ಯ. ನೋಡುವವನಿಗೆ ಹರ್ಷವಾದರೆ ಸಾಲದೆ, ಬ್ರೇಕಿನ ಸನ್ನೆಗೋಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಎಣಿಸಬೇಕೆ ಎಂಬುದು ಅವರ ಆಕ್ಷೇಪ. ಶ್ರೀಶಂಕುಕನು ಹೇಳಿದ ಚಿತ್ರತುರಗನ್ಯಾಯವೂ ಅವರಿಗೆ ಸಹಾಯಕವಾಗಬಹುದು: ಚಿತ್ರದ ಕುದುರೆಯನ್ನು ಕಂಡು ಹುಟ್ಟುವ ಜ್ಞಾನವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಆದರೂ ಆಸ್ವಾದಕ್ಕೆ ಕೊರತೆಯಿಲ್ಲ. ಆಸ್ವಾದದ ಮಟ್ಟಿಗೆ ಇದನ್ನು ನಾವು ಒಪ್ಪುವೆವು. ಆದರೆ ಕೆಳಗೆ ‘ಇದು 1907ರ ವ್ಯಾಗನ್ನು’ ಎಂದು ಬರೆದಿಟ್ಟವನು ಆಸ್ವಾದದ ಮೇರೆಯನ್ನು ದಾಟಿ ಶಾಸ್ತ್ರದ ಮೇರೆಗೆ ಬಂದಿರುವನು. ಅವನ ಮಾತು ಈಗ ಸತ್ಯವಾಗಿರಬೇಕು, ಇಲ್ಲವೆ ಮಿಥ್ಯೆಯಾಗಿರಬೇಕು; ಮೂರನೆಯ ದಾರಿಯಿಲ್ಲ.

ಆ ಸನ್ನೆಗೋಲಿನ ವಿಚಾರವನ್ನೇ ತೆಗೆದುಕೊಳ್ಳೋಣ. ಹಳೆಯ ವ್ಯಾಗನ್ನುಗಳಲ್ಲಿ ಬಹುಪಾಲಿಗೆ ಒಂದು ಪಕ್ಕದಲ್ಲಿ ಮಾತ್ರ ಕೈಬ್ರೇಕು ಇತ್ತು. ಎದುರು ಪಕ್ಕದಲ್ಲಿದ್ದ ಶಂಟಿಂಗ್ ಕೆಲಸಗಾರನು ಬ್ರೇಕು ಹಾಕಬೇಕಾದರೆ ಗಾಡಿಗಳ ನಡುವೆ ನುಸುಳಿ ದಾಟಬೇಕಾಗುತ್ತಿತ್ತು. ಹೀಗೆ ದಾಟುವಾಗ ಕೈಕಾಲುಗಳನ್ನೂ ಪ್ರಾಣಗಳನ್ನೂ ಕಳೆದುಕೊಂಡವರುಂಟು. ಅಪಘಾತ ನಿವಾರಣೆಗಾಗಿ 1900ರಲ್ಲಿ ಒಂದು ಶಾಸನವಾಯಿತು. 1911ರ ನಿಯಮಗಳಿಂದ ಹೊಸ ವ್ಯಾಗನ್ನುಗಳ ಎರಡು ಪಕ್ಕಗಳಲ್ಲಿಯೂ ಬ್ರೇಕಿನ ಸನ್ನೆಗೋಲು ಇರತಕ್ಕದ್ದೆಂದು ವಿಧಾಯಕವಾಯಿತು. ಅಂಗೈಯಲ್ಲಿ ಹಿಡಿಸುವ ಪ್ರತಿಕೃತಿಯಲ್ಲಿ ಆ ಸನ್ನೆಗೋಲು ಒಂದು ತಂತಿಯ ತುಣುಕು. ಆದರೆ 1895ರದೆಂದು ಹೇಳುವ ಇಂಥ ವ್ಯಾಗನ್ನಿನ ಎರಡನೆಯ ಪಕ್ಕದಲ್ಲಿಯೂ ಆ ತುಣುಕನ್ನು ಅಂಟಿಸಿದವನು, ಆ ಕೆಲಸಗಾರರು ಪಡೆಯದಿದ್ದ ರಕ್ಷಣೆಯನ್ನು ಪಡೆದಿದ್ದರೆಂದು ಹೇಳಿದಂತಾಗುವುದು.

ಪ್ರಯಾಣಿಕರ ಗಾಡಿಯ ಅಡಿಯಲ್ಲಿ ತೂಗುವ ಉರುಳೆಗಳ ಕಥೆಯೂ ಇದೇ. ಅವು ದೀಪಗಳಿಗೆ ಬೇಕಾದ ಅನಿಲವನ್ನು ತುಂಬಿಡುತ್ತಿದ್ದ ಪಾತ್ರೆಗಳು. 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ ಎಂಬಲ್ಲಿ, ಸೈನಿಕರನ್ನು ಸಾಗಿಸುತ್ತಿದ್ದ ರೈಲು ಡಿಕ್ಕಿ ಹೊಡೆದಾಗ, ಈ ಅನಿಲವು ಹತ್ತಿಕೊಂಡು, ಮರದ ಹಳೆಯ ಗಾಡಿಗಳು ಉರಿದು, 200ಕ್ಕೂ ಹೆಚ್ಚು ಮಂದಿ ಮಡಿದರು. ಕ್ರಮೇಣ ಅನಿಲದ ದೀಪಗಳು ಹೋಗಿ ವಿದ್ಯುದ್ದೀಪಗಳು ಬಂದುವು. ಗಾಡಿಯ ಅಡಿಯಲ್ಲಿ ಉರುಳೆಗಳಿಗೆ ಪ್ರತಿಯಾಗಿ ಡೈನಮೋವೂ ಬ್ಯಾಟರಿಯ ಪೆಟ್ಟಿಗೆಗಳೂ ಕಾಣಿಸಿಕೊಂಡುವು. ಯಾವ ವರ್ಷದ ಗಾಡಿಗೆ ಯಾವುದನ್ನು ತೂಗಹಾಕಬೇಕೆಂಬ ಪ್ರಶ್ನೆ, ಆದುದರಿಂದ, ಅಲಂಕಾರದ ಪ್ರಶ್ನೆಯಲ್ಲ.

ಇಷ್ಟು ಹೇಳಿದ ಮೇಲೆ ಈ ಕಲೆಯಲ್ಲಿ ಈಗಲೂ ಉಳಿದಿರುವ ದೊಡ್ಡ ದೋಷವನ್ನು ಎತ್ತಿ ತೋರಿಸುವುದು ವಿಮರ್ಶಕನ ಕರ್ತವ್ಯ. ಅದು ಪ್ರಕ್ಷೇಪ. ಬ್ರಿಟನ್ನಿನಲ್ಲಿ ರೈಲ್ವೆ ಕಂಪೆನಿಗಳಲ್ಲದೆ ಗಣಿಯವರೂ ಕಲ್ಲಿದ್ದಲ ವರ್ತಕರೂ ಸ್ವಂತ ವ್ಯಾಗನ್ನುಗಳನ್ನು ಇಟ್ಟುಕೊಂಡಿದ್ದರು. 1948ರ ಜನವರಿ 1ರಂದು ರೈಲ್ವೆಗಳು ರಾಷ್ಟ್ರದ ವಶವಾದಾಗ ಇಂಥ ವ್ಯಾಗನ್ನುಗಳ ಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿತ್ತು. ಒಡೆಯರ ಹೆಸರುಗಳನ್ನು ದಪ್ಪಕ್ಷರಗಳಲ್ಲಿ ಬರೆಸಿಕೊಂಡಿದ್ದ ಇವು ನೋಡಲು ಮನೋಹರವಾದುವು. ಆದಕಾರಣ ಅಂಗಡಿಗೆ ಪ್ರತಿಕೃತಿಗಳನ್ನು ಒದಗಿಸುವ ತಯಾರಕರು ಒಂದೇ ಅಚ್ಚಿನಲ್ಲಿ ಎರೆದ ಒಡಲಿನ ಮೇಲೆ ನೂರಾರು ಒಡೆಯರ ಹೆಸರುಗಳನ್ನು ಮುದ್ರಿಸಿ ಮಾರುವುದು ರೂಢಿಯಾಯಿತು. ಕ್ಲಿಯರಿಂಗ್ ಹೌಸಿನ 1887ರ, 1907ರ, 1923ರ ನಿರ್ಮಾಣನಿಯಮಗಳು ಬೇರೆಬೇರೆ. ಏಳು ಹಲಗೆಯ ಗಾಡಿ ಬೇರೆ, ಐದು ಹಲಗೆಯದು ಬೇರೆ. 1923ರ ಒಡಲಿನ ಮೇಲೆ 1890ರ ವರ್ತಕನ ಹೆಸರನ್ನು ಬರೆದರೆ, ಒಬ್ಬ ಕವಿಯ ಕಾವ್ಯಕ್ಕೆ ಮತ್ತೊಬ್ಬನ ಅಂಕಿತವನ್ನು ಹಾಕಿದಂತೆ. ಎಂದೂ ಇಲ್ಲದಿದ್ದ ಒಡೆಯರ ಹೆಸರುಗಳೂ ಈ ಗುಂಪಿನಲ್ಲಿ ಸೇರಿಕೊಂಡಿವೆ. ಇಂಥದೊಂದನ್ನು ಕೊಂಡವನು ಅದನ್ನು ಮಾದರಿಯಾಗಿಟ್ಟುಕೊಂಡು ಮತ್ತೊಂದನ್ನು ಮಾಡುವನು. ಹೀಗೆ ಪ್ರತಿಯಿಂದ ಪ್ರತಿಗೆ ತಪ್ಪು ಹರಿದು, ಕಡೆಗೆ ಸಂಪ್ರದಾಯವೆಂಬ ಗೌರವವನ್ನು ಪಡೆಯುವುದು. ಮರದ ವ್ಯಾಗನ್ನುಗಳಲ್ಲಿ ಬಹುತೇಕ ಎಲ್ಲವೂ 1950ರ ಮತ್ತು 1960ರ ದಶಕಗಳಲ್ಲಿ ಒಡೆದು ಹೋದುದರಿಂದ, ತಿದ್ದಿಕೊಳ್ಳಲು ಮೂಲವನ್ನು ಹುಡುಕಿದರೂ ಅದು ದೊರೆಯುವುದು ದುರ್ಲಭ. ಮಾತೃಕೆ ನಷ್ಟವಾದ ಗ್ರಂಥದಲ್ಲಿ ಲೇಖಕದೋಷವು ಎಷ್ಟು ಅಪಾಯಕರವೋ ಇಲ್ಲಿಯೂ ಅಷ್ಟೇ.

ಇದಕ್ಕೆ ಪರಿಹಾರವು ಸುಲಭವಾಗಿದೆ. ಆದರೆ ಆಚರಣೆಯಲ್ಲಿ ವಿರಳ. ಪ್ರತಿಯೊಂದು ಪ್ರತಿಕೃತಿಯೊಡನೆ ಒಂದು ಚೀಟಿಯಿರಲಿ. ಯಾವ ಕಂಪೆನಿಯ ಯಾವ ಸಂಖ್ಯೆಯ ಗಾಡಿ, ಯಾವ ವರ್ಷದ ಅವಸ್ಥೆ, ಯಾವ ಚಿತ್ರ ಮತ್ತು ಯಾವ ನಕ್ಷೆಯ ಆಧಾರ ಎಂಬುದನ್ನು ಅದರಲ್ಲಿ ಬರೆಯಲಿ. ಕಂಡು ಮಾಡಿದುದು ಯಾವುದು, ಅದೇ ಬಗೆಯ ಬೇರೊಂದು ಗಾಡಿಯಿಂದ ಊಹಿಸಿದುದು ಯಾವುದು, ಯಾವ ಆಧಾರವೂ ದೊರೆಯದೆ ತುಂಬಿಕೊಂಡುದು ಯಾವುದು ಎಂದು ವಿಂಗಡಿಸಿ ತೋರಿಸಲಿ. ಹಳಿಯ ಅಗಲವು 16.5 ಮಿಲಿಮೀಟರಾಗಿದ್ದರೆ ಅದನ್ನೂ ಹೇಳಲಿ. ಒಪ್ಪಿಕೊಂಡ ಲೋಪವು ಯಾರನ್ನೂ ವಂಚಿಸುವುದಿಲ್ಲ. ಉತ್ತಮರಾದ ಕೆಲವು ಪ್ರತಿಕೃತಿಕಾರರು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಹೀಗೆ ಬರೆದಿಡುವ ಅಭ್ಯಾಸವುಳ್ಳವರು. ಆದರೆ ಟಿಪ್ಪಣಿಯು ಪುಸ್ತಕದಲ್ಲಿಯೂ ಗಾಡಿಯು ಬೇರೊಬ್ಬರ ಕಪಾಟಿನಲ್ಲಿಯೂ ಉಳಿದರೆ ಫಲವಿಲ್ಲ. ಕರ್ತೃವು ಗತಿಸಿದ ಬಳಿಕ ಅವನ ಗಾಡಿಗಳು ಹರಾಜಿಗೆ ಬರುವುವು. ಆಗ ಆ ಚೀಟಿಯೊಂದೇ ಅವುಗಳ ಪರವಾಗಿ ಮಾತನಾಡಬಲ್ಲದು. ಚೀಟಿಯಿರುವ ಒರಟು ಗಾಡಿಯನ್ನು ಚೀಟಿಯಿಲ್ಲದ ನಯವಾದ ಗಾಡಿಗಿಂತ ಮೇಲಾದುದೆಂದು ಎಣಿಸುವ ಪದ್ಧತಿಯು ಪ್ರದರ್ಶನಗಳಲ್ಲಿಯೂ ಸಂಘಗಳಲ್ಲಿಯೂ ಬರುವುದಾದರೆ, ಈ ಕಲೆಯು ತಾನು ಮಾಡಿದ ಪ್ರತಿಜ್ಞೆಯನ್ನು ಪೂರ್ಣವಾಗಿ ಸಲ್ಲಿಸಿದಂತಾಗುವುದೆಂದು ನಮಗೆ ತೋರುವುದು.